ದೇಶವ್ರತವೂ ಕೈಯೊಳಗಿನ ಮೊಬೈಲೂ



ವ್ರತದ ಮಾತು ಬಂದಾಗ ನಾವು ಸಾಮಾನ್ಯವಾಗಿ ಆಹಾರದಿಂದಲೇ ಆರಂಭಿಸುತ್ತೇವೆ. ಅಷ್ಟಮಿ-ಚತುರ್ದಶಿಗಳಲ್ಲಿ ಯಾರು ಏಕಭುಕ್ತ ಮಾಡಿದರು, ಯಾರು ನಿರಾಹಾರರಾಗಿದ್ದರು, ದಶಲಕ್ಷಣ ಪರ್ವದ ಹತ್ತು ದಿನಗಳನ್ನು ಯಾರು ಬರಿಯ ನೀರಿನ ಮೇಲೆ ಕಳೆದರು ಎಂಬ ಲೆಕ್ಕ ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಾಯಿಪಾಠ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಹೊಟ್ಟೆಗೆ ಬಿಡುವು ಕೊಟ್ಟ ಆ ದಿನ ಕಣ್ಣಿಗೂ ಬೆರಳಿಗೂ ಬಿಡುವು ದೊರೆಯಿತೇ ಎಂದು ಕೇಳುವವರು ವಿರಳ. ಬೆಳಗಿನಿಂದ ಒಂದು ಹನಿ ನೀರನ್ನೂ ಮುಟ್ಟದವರು ಮೊಬೈಲನ್ನು ನೂರು ಸಲ ಮುಟ್ಟುತ್ತಾರೆ. ಅನ್ನವನ್ನು ಬಿಟ್ಟದ್ದಾಯಿತು, ಊರಿನವರ ಮದುವೆ-ಮುಂಜಿ, ಜಗಳ-ಜಂಜಾಟ, ಯಾರದೋ ಕುಣಿತ, ಇನ್ನಾರದೋ ನಿಂದೆ, ಇವೆಲ್ಲವೂ ಒಂದೊಂದು ತುತ್ತಾಗಿ ಒಳಕ್ಕೆ ಇಳಿಯುತ್ತಲೇ ಇರುತ್ತವೆ. ಇಂಥ ಉಪವಾಸಕ್ಕೆ ಏನೆಂದು ಹೆಸರಿಡೋಣ?

ಇದು ಹೊಸ ಕಾಲದ ಸಮಸ್ಯೆ, ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ ಎಂದು ಕೆಲವರು ಹೇಳುತ್ತಾರೆ. ಅವರು ಶ್ರಾವಕನ ಸಪ್ತಶೀಲಗಳಲ್ಲಿ ಒಂದಾದ ದೇಶವ್ರತವನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕು. ದಿಗ್‌ವ್ರತವು ಜೀವನಪರ್ಯಂತ ದಿಕ್ಕುಗಳಿಗೆ ಹಾಕಿಕೊಂಡ ಮಿತಿ. ಆ ಮಿತಿಯೊಳಗೇ ಒಂದು ದಿನಕ್ಕೋ ಒಂದು ಪಕ್ಷಕ್ಕೋ ಇನ್ನೂ ಚಿಕ್ಕ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ವಿಜಯಪುರದ ಇಬ್ರಾಹಿಂಪುರದಲ್ಲಿ ವಾಸಿಸುವ ಶ್ರಾವಕನೊಬ್ಬನು, "ಇಂದಿನ ಸೂರ್ಯೋದಯದಿಂದ ನಾಳಿನ ಸೂರ್ಯೋದಯದವರೆಗೆ ಇಬ್ರಾಹಿಂಪುರದ ಎಲ್ಲೆಯನ್ನು ದಾಟೆನು" ಎಂದು ನಿಯಮ ಮಾಡಿದನೆಂದು ತಿಳಿಯೋಣ. ಆ ಎಲ್ಲೆಯ ಆಚೆಗಿರುವ ಸಮಸ್ತ ಜೀವಿಗಳಿಗೂ ಆ ದಿನ ಅವನಿಂದ ಅಭಯ ದೊರೆಯಿತು. ಎಲ್ಲೆಯ ಆಚೆಗೆ ಅವನು ಮಹಾವ್ರತಿಗೆ ಸಮಾನ. ಇದು ಆ ವ್ರತದ ಹಿರಿಮೆ.

ಈಗ ಅದರ ಅತಿಚಾರಗಳನ್ನು ನೋಡಿರಿ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಇಂಥ ಐದು ದೋಷಗಳನ್ನು ಎಣಿಸಿದ್ದಾರೆ. ತಾನು ಎಲ್ಲೆಯೊಳಗೇ ಕುಳಿತು ಹೊರಗಿನ ವಸ್ತುವನ್ನು ತರಿಸಿಕೊಂಡರೆ ಅದು ಆನಯನ. ತನ್ನ ಬದಲಿಗೆ ಬೇರೊಬ್ಬನನ್ನು ಹೊರಗೆ ಕಳುಹಿಸಿದರೆ ಪ್ರೇಷ್ಯಪ್ರಯೋಗ. ಕೆಮ್ಮಿಯೋ ಕೂಗಿಯೋ ಧ್ವನಿಯಿಂದ ಹೊರಗಿನವನನ್ನು ಎಚ್ಚರಿಸಿದರೆ ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಗಮನ ಸೆಳೆದರೆ ರೂಪಾನುಪಾತ. ಕಲ್ಲು-ಹೆಂಟೆಗಳನ್ನು ಎಸೆದು ಸೂಚನೆ ಕೊಟ್ಟರೆ ಪುದ್ಗಲಕ್ಷೇಪ. ಕಾಲು ಎಲ್ಲೆಯನ್ನು ದಾಟಿಲ್ಲ, ಆದರೂ ವ್ರತ ಮಲಿನವಾಯಿತು ಎಂಬುದು ಆಚಾರ್ಯರ ಅಭಿಪ್ರಾಯ.

ಮೊಬೈಲು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಅದರ ಎಲ್ಲ ಕೆಲಸಗಳಿಗೂ ಇಲ್ಲಿ ಹೆಸರಿಡಲಾಗಿದೆ ಎಂದರೆ ಆಶ್ಚರ್ಯವಾದೀತು. ಮಂಚದ ಮೇಲೆ ಕುಳಿತು ದಿಲ್ಲಿಯ ಸಾಮಾನನ್ನು ತರಿಸುವುದು ಆನಯನ. ಬಿಸಿಲಲ್ಲಿ ಅದನ್ನು ಹೊತ್ತು ತರುವ ಹುಡುಗನ ಓಡಾಟ ಪ್ರೇಷ್ಯಪ್ರಯೋಗ. ಕರೆ ಮಾಡುವುದು ಶಬ್ದಾನುಪಾತ, ವಿಡಿಯೋ ರೂಪಾನುಪಾತ. ಹೇಳಬೇಕಾದುದೇನೂ ಇಲ್ಲದಿದ್ದರೂ ದಿನ ಬೆಳಗಾದರೆ ಮುನ್ನೂರು ಜನರಿಗೆ ಹೂವಿನ ಚಿತ್ರ ಕಳುಹಿಸುವುದು ಹೆಂಟೆ ಎಸೆದಂತೆಯೇ ಸರಿ. ಮನುಷ್ಯನ ವ್ಯಾಪ್ತಿ ಅವನ ಕಾಲು ನಿಂತ ಜಾಗಕ್ಕೆ ಮುಗಿಯುವುದಿಲ್ಲ. ಅವನ ಧ್ವನಿ, ಅವನ ರೂಪ, ಅವನ ಆಜ್ಞೆ ಎಲ್ಲಿಯವರೆಗೆ ತಲುಪುತ್ತವೆಯೋ ಅಲ್ಲಿಯವರೆಗೂ ಅವನ ಹೊಣೆಯಿದೆ ಎಂಬ ಸೂಕ್ಷ್ಮವನ್ನು ಪೂರ್ವಾಚಾರ್ಯರು ಅರಿತಿದ್ದರು.

ನಮ್ಮ ಊರಿನ ಗೋಳಗುಮ್ಮಟವನ್ನು ನೋಡದವರಿಲ್ಲ. ಅಲ್ಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಕಡೆ ಮೆಲ್ಲಗೆ ಆಡಿದ ಮಾತು ಎದುರು ಬದಿಯ ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತದೆ, ಚಪ್ಪಾಳೆಯ ಸದ್ದು ಹಲವು ಸಲ ಮರುದನಿಗೊಡುತ್ತದೆ. ಆದರೆ ಆ ಗುಮ್ಮಟಕ್ಕೆ ಗೋಡೆಗಳಿವೆ. ಕೆಲವು ಕ್ಷಣಗಳಲ್ಲಿ ಸದ್ದು ಅಡಗುತ್ತದೆ. ನಮ್ಮ ಕೈಯೊಳಗಿನ ಗುಮ್ಮಟಕ್ಕೆ ಗೋಡೆಯಿಲ್ಲ. ಅಲ್ಲಿ ಆಡಿದ ಮಾತು ಆಡಿದವನು ಮರೆತ ಮೇಲೂ ಸುತ್ತುತ್ತಲೇ ಇರುತ್ತದೆ.

ಇದರ ಪರಿಣಾಮ ಎಷ್ಟು ಘೋರವಾಗಬಲ್ಲದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2018ರ ಜುಲೈ ತಿಂಗಳಲ್ಲಿ ಹೈದರಾಬಾದಿನ ಕಡೆಯಿಂದ ಬೀದರ ಜಿಲ್ಲೆಗೆ ಬಂದಿದ್ದ ಕೆಲವು ಸ್ನೇಹಿತರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರು ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಅವರನ್ನು ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬ ಯುವಕ ಇಂಥದೇ ವದಂತಿಗೆ ಬಲಿಯಾಗಿದ್ದ.

ಹೊಡೆದವರ ಪಾಪ ಎಲ್ಲರಿಗೂ ಕಾಣುತ್ತದೆ. ಮನೆಯಲ್ಲಿ ಕುಳಿತು ಆ ಸುದ್ದಿಯನ್ನು ಮುಂದಕ್ಕೆ ತಳ್ಳಿದವರಿಗೆ ಕೈಗೆ ರಕ್ತ ಅಂಟಲಿಲ್ಲ. ಬಹುಶಃ ಅಂದು ರಾತ್ರಿ ನೆಮ್ಮದಿಯಿಂದ ನಿದ್ರೆ ಮಾಡಿದರು. ಜಿನಧರ್ಮವು ಅವರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ತಾನು ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದನೆ. ಈ ಮೂರರಿಂದಲೂ ಕರ್ಮಾಸ್ರವವಾಗುತ್ತದೆ. ವಿಚಾರಿಸದೆ ಮುಂದೂಡಿದ ಸಂದೇಶ ಕಾರಿತವಾಗಬಹುದು, ದ್ವೇಷದ ಮಾತಿನ ಕೆಳಗೆ ಒತ್ತಿದ ಒಂದು ಮೆಚ್ಚುಗೆಯ ಗುರುತು ಅನುಮೋದನೆಯಾಗುತ್ತದೆ. ಪ್ರಯೋಜನವನ್ನು ಪರೀಕ್ಷಿಸದೆ ಅತಿಯಾಗಿ ಪ್ರವರ್ತಿಸುವುದನ್ನು ಅನರ್ಥದಂಡವ್ರತದ ಅತಿಚಾರಗಳಲ್ಲಿ ಅಸಮೀಕ್ಷ್ಯಾಧಿಕರಣವೆಂದು ಕರೆದಿದ್ದಾರೆ. ಬಾಯಿಬಡುಕತನಕ್ಕೆ ಮೌಖರ್ಯವೆಂದು ಅಲ್ಲಿಯೇ ಹೆಸರಿದೆ. ಬೀದರದ ಆ ಘಟನೆ ನಡೆದ ತಿಂಗಳಲ್ಲಿಯೇ ವಾಟ್ಸಾಪ್ ಸಂಸ್ಥೆಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಮುಂದೂಡದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಲಾಭಕ್ಕಾಗಿ ನಡೆಯುವ ಸಂಸ್ಥೆಯೇ ಒಂದು ಪರಿಮಾಣವನ್ನು ಹಾಕಬೇಕಾಯಿತು. ಪರಿಮಾಣವ್ರತದ ವಾರಸುದಾರರಾದ ನಾವು ಸ್ವಂತದ ಮಿತಿಯನ್ನು ಹಾಕಿಕೊಳ್ಳಲಾರೆವೇ?

ಇನ್ನೊಂದು ಮಾತು ಕೆಲವರಿಗೆ ಕಹಿಯಾದರೂ ಹೇಳಲೇಬೇಕು. ಉಪವಾಸದ ಮೂರನೆಯ ದಿನವೆಂದು ಫೋಟೋ ತೆಗೆಸಿ ಎಲ್ಲರಿಗೂ ಕಾಣುವಂತೆ ಹಾಕಿ, ಎಷ್ಟು ಜನ ಮೆಚ್ಚಿದರೆಂದು ಸಂಜೆ ಎಣಿಸಿದರೆ, ಬಿಟ್ಟ ಅನ್ನಕ್ಕಿಂತ ಉಂಡ ಮಾನಕಷಾಯವೇ ಹೆಚ್ಚಾದೀತು. ಪರ್ವ ಮುಗಿದ ಬಳಿಕ ಕ್ಷಮಾವಾಣಿಯ ದಿನ ಬರುತ್ತದೆ. "ಉತ್ತಮ ಕ್ಷಮಾ" ಎಂಬ ಬಣ್ಣದ ಚಿತ್ರ ಒಂದೇ ಒತ್ತಿನಲ್ಲಿ ನೂರಾರು ಜನರಿಗೆ ಹೋಗುತ್ತದೆ. ಹೊಲದ ಬದುವಿಗಾಗಿ ಹತ್ತು ವರ್ಷ ಮಾತು ಬಿಟ್ಟ ಅಣ್ಣನ ಮನೆ ಮಾತ್ರ ನಾಲ್ಕು ಹೆಜ್ಜೆ ದೂರದಲ್ಲಿ ಹಾಗೆಯೇ ಉಳಿಯುತ್ತದೆ. ಕ್ಷಮೆ ಕೇಳುವವನ ತಲೆ ಬಾಗಬೇಕು; ಮೊಬೈಲು ನೋಡುವಾಗ ಬಾಗುವ ತಲೆ ಅದಲ್ಲ.

ಹಾಗೆಂದು ಈ ಯಂತ್ರವನ್ನು ಬಾವಿಗೆ ಎಸೆಯಿರೆಂದು ಯಾರೂ ಹೇಳುತ್ತಿಲ್ಲ. ಪುಣೆಯಲ್ಲಿರುವ ಮಗನ ಧ್ವನಿಯನ್ನು ವೃದ್ಧ ತಾಯಿಗೆ ಕೇಳಿಸುವುದು ಅದೇ, ಮುನಿಸಂಘದ ವಿಹಾರದ ಸುದ್ದಿಯನ್ನು ತಿಳಿಸುವುದೂ ಅದೇ. 2020ರ ಮಹಾಮಾರಿಯ ಕಾಲದಲ್ಲಿ ಮಕ್ಕಳ ಪಾಠ ನಡೆದದ್ದೂ ಅದರಿಂದಲೇ. ಗೃಹಸ್ಥನಿಗೆ ಸಂಪೂರ್ಣ ತ್ಯಾಗವನ್ನು ವಿಧಿಸಿಲ್ಲ. ಭೋಗೋಪಭೋಗಗಳಿಗೆ ಅಳತೆ ಹಾಕಬೇಕೆಂದಷ್ಟೇ ವಿಧಿಸಿದೆ.

ಇದು ಅಸಾಧ್ಯವೇನೂ ಅಲ್ಲ. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವಿನಲ್ಲಿ 2022ರಲ್ಲಿ ಒಂದು ಪದ್ಧತಿ ಆರಂಭವಾಯಿತು. ಸಂಜೆ ಏಳಕ್ಕೆ ಊರಿನಲ್ಲಿ ಸೈರನ್ ಕೂಗಿದೊಡನೆ ಮೊಬೈಲು, ಟಿ.ವಿ.ಗಳನ್ನು ಮುಚ್ಚಿ, ಒಂದೂವರೆ ಗಂಟೆ ಮಕ್ಕಳು ಓದಿಗೆ ಕೂಡುವುದು, ಹಿರಿಯರು ಪರಸ್ಪರ ಮಾತನಾಡುವುದು. ಅದೇ ವರ್ಷದ ಪರ್ಯೂಷಣದಲ್ಲಿ ಮಧ್ಯಪ್ರದೇಶದ ರಾಯಸೇನ ಜಿಲ್ಲೆಯ ಬೇಗಮಗಂಜದ ಜೈನ ಸಮಾಜದವರು ಇಪ್ಪತ್ತನಾಲ್ಕು ಗಂಟೆಗಳ ಮೊಬೈಲು ಉಪವಾಸ ಮಾಡಿದರು; ನೂರಾರು ಜನ ತಮ್ಮ ಮೊಬೈಲುಗಳನ್ನು ಮಂದಿರದಲ್ಲಿಯೇ ಇರಿಸಿದರು.

ಆದುದರಿಂದ ಬರುವ ಅಷ್ಟಮಿಯಿಂದಲೇ ಪ್ರತಿ ಮನೆಯಲ್ಲಿ ಒಂದು ನಿಯಮವಾಗಲಿ. ಕಾಲಮಿತಿಯುಳ್ಳದ್ದು ನಿಯಮ, ಜೀವನಪರ್ಯಂತದ್ದು ಯಮ, ನಿಯಮದಿಂದಲೇ ಆರಂಭಿಸೋಣ. ಮೊದಲು ಸಾಮಾಯಿಕದ ಎರಡು ಘಳಿಗೆ, ಅಂದರೆ 48 ನಿಮಿಷ, ಮೊಬೈಲು ಬೇರೆ ಕೋಣೆಯಲ್ಲಿರಲಿ. ಅದರ ಸದ್ದಿಗೆ ಚಿತ್ತ ಹರಿದು ಜಪ ಮರೆತರೆ ಅದು ಸ್ಮೃತ್ಯನುಪಸ್ಥಾನವೆಂಬ ದೋಷವಾಗುತ್ತದೆಂದು ನೆನಪಿಡಿರಿ. ಅದು ಸಾಧಿಸಿದ ಮೇಲೆ ಚತುರ್ದಶಿಯ ಪ್ರೋಷಧೋಪವಾಸದಲ್ಲಿ ಅನ್ನದೊಂದಿಗೆ ಅದನ್ನೂ ಬಿಡಿರಿ. ರೋಗಿಗಳಿರುವ ಮನೆಯವರು ಕರೆಯೊಂದನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ತ್ಯಜಿಸಲಿ. ಉಳಿದ ದಿನಗಳಲ್ಲಿ, ಸತ್ಯವೆಂದು ತನಗೆ ತಿಳಿಯದ, ಯಾರ ಮನಸ್ಸನ್ನಾದರೂ ನೋಯಿಸುವ ಒಂದು ಸಾಲನ್ನೂ ಮುಂದೂಡೆನೆಂಬ ಸಂಕಲ್ಪವಿರಲಿ. ಹಿರಿಯರು ಮೊದಲು ಆಚರಿಸಿದರೆ ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.

ಆ ದಿನ ನಿಮ್ಮ ಧ್ವನಿ ಮನೆಯ ಹೊಸ್ತಿಲನ್ನು ದಾಟದಿರಲಿ. ನಿಮ್ಮನ್ನು ಕಾಣದ, ನೀವು ಕಾಣದ ಎಷ್ಟೋ ಜೀವಿಗಳಿಗೆ ಅಂದು ನಿಮ್ಮಿಂದ ಅಭಯ ದೊರೆಯುವುದು.

ಜೈ ಜಿನೇಂದ್ರ.