ತವರದ ಪದಕ

ಆಫೀಸಿನ ಕೆಲಸಕ್ಕೆ ಎಡಿನ್‌ಬರೋಗೆ ಹೋದಾಗ, ರಜೆಯಲ್ಲಿದ್ದ ಮಗಳನ್ನೂ ಕರೆದೊಯ್ದಿದ್ದೆ. ಒಂದು ಶನಿವಾರ ಅಲ್ಲಿಯ ಕೋಟೆ ನೋಡಲು ಹೊರಟೆವು. ಆರಿದ ಜ್ವಾಲಾಮುಖಿಯ ಬಂಡೆಯ ಮೇಲೆ ಕೂತ ಕೋಟೆ. ಒಳಗೆ ಹನ್ನೆರಡನೇ ಶತಮಾನದ ಪುಟ್ಟ ಪ್ರಾರ್ಥನಾ ಮಂದಿರವೂ ಉಂಟು, ಸ್ಕಾಟ್ಲೆಂಡಿನ ರಾಷ್ಟ್ರೀಯ ಯುದ್ಧ ಮ್ಯೂಸಿಯಮ್ಮೂ ಉಂಟು.

1449ರ ಮಾನ್ಸ್ ಮೆಗ್ ಫಿರಂಗಿಯ ಮುಂದೆ ನನ್ನೊಳಗಿನ ಎಂಜಿನಿಯರ್ ಎದ್ದುನಿಂತ. ಕಬ್ಬಿಣದ ಪಟ್ಟಿಗಳನ್ನು ಜೋಡಿಸಿ, ಪೀಪಾಯಿಗೆ ಬಳೆ ಹಾಕುವಂತೆ ಬಿಗಿದಿದ್ದಾರೆ. "ನೂರೈವತ್ತು ಕಿಲೋ ಕಲ್ಲುಗುಂಡು ಎಸೀತಿತ್ತು!" ಎಂದೆ. "ಯಾರ ಮೇಲಪ್ಪಾ?" ಎಂದಳು ಮಗಳು. ನನಗದು ಹೊಳೆದೇ ಇರಲಿಲ್ಲ.

ಕೋಟೆಯ ಒಂದು ಅಂಚಿನಲ್ಲಿ ಸೈನಿಕರ ನಾಯಿಗಳ ಸಮಾಧಿಗಳಿವೆ, ಹೆಸರು ಕೊರೆದ ಕಲ್ಲುಗಳೊಂದಿಗೆ. ಯುದ್ಧ ಸ್ಮಾರಕದಲ್ಲಂತೂ ಸುರಂಗ ತೋಡುವವರ ಜೊತೆಗಿದ್ದ ಇಲಿ, ಕೆನರಿ ಹಕ್ಕಿಗಳನ್ನೂ ಕೆತ್ತಿ ನೆನೆದಿದ್ದಾರೆ. ಮನಸ್ಸು ಮೆತ್ತಗಾಯಿತು. ಹಿಂದೆಯೇ ಸಿಟ್ಟೂ ಬಂತು. ನಮ್ಮದು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ. 1799ರ ಮೇ 4ರಂದು ಅಲ್ಲಿಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್ ಈ ಸ್ಕಾಟ್ಲೆಂಡಿನವನೇ. ಇವರ ಹಕ್ಕಿಗೂ ಹೆಸರಿದೆ, ಅಂದು ಸತ್ತ ನಮ್ಮವರಿಗೆ?

ಆದರೆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೇರ್ಡ್ ಅದಕ್ಕೆ ಮುಂಚೆ ಅದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಶಾಲೆಯ ಪ್ರವಾಸದಲ್ಲಿ ನಾವು ಹುಡುಗರು ಅಲ್ಲಿನ ಬೇಯ್ಲಿ ಸೆರೆಮನೆಯೊಳಗೆ, ಕೈದಿಗಳನ್ನು ಕಟ್ಟುತ್ತಿದ್ದ ಕಲ್ಲುಗಳ ನಡುವೆ, ಕೂಗಿ ಪ್ರತಿಧ್ವನಿ ಕೇಳಿ ನಕ್ಕವರೇ. ಯಾರನ್ನು ಕಟ್ಟಿದ್ದರೆಂದು ಯಾರೂ ಕೇಳಲಿಲ್ಲ. ಮೇಷ್ಟ್ರೂ ಹೇಳಲಿಲ್ಲ.

ಮ್ಯೂಸಿಯಮ್ಮಿನ ಪದಕಗಳ ಸಾಲು ನೋಡುವಾಗ ಆ ಯುದ್ಧದ ಪದಕ ನೆನಪಾಯಿತು. ಹುಲಿಯನ್ನು ಕೆಡವಿದ ಸಿಂಹದ ಚಿತ್ರ. ಮೇಲಿನವರಿಗೆ ಚಿನ್ನ, ಬೆಳ್ಳಿ. ಸಾಮಾನ್ಯ ಸೈನಿಕನಿಗೆ, ಬಿಳಿಯನಿರಲಿ ಕರಿಯನಿರಲಿ, ತವರ. ಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ಹೆಚ್ಚಿನವರು ಈ ನೆಲದ ಸಿಪಾಯಿಗಳೇ. ನನ್ನ ಹಿರಿಯರು ಕೋಟೆಯ ಒಳಗಿದ್ದರೋ, ಹೊರಗಿದ್ದರೋ, ಯಾವ ಕಡೆಯ ಎತ್ತಿನ ಗಾಡಿ ಹೊಡೆಯುತ್ತಿದ್ದರೋ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸಂಬಳ ಕೊಟ್ಟವನ ಪರ ದುಡಿದ ಸಿಪಾಯಿಯನ್ನು ದ್ರೋಹಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ನಾನು ಆ ಊರಿಗೆ ಹೋದದ್ದೂ ಸಂಬಳಕ್ಕೇ. ನನ್ನ ಕೆಲಸದಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಅದು ನನ್ನ ಒಳ್ಳೆಯತನವಲ್ಲ, ಹುಟ್ಟಿದ ಕಾಲದ ಪುಣ್ಯ.

"ನಮ್ಮೋರು ಯಾವ ಕಡೆ ಇದ್ರಪ್ಪಾ?" ಎಂದು ಮಗಳು ಕೇಳಿದಳು.

"ಎರಡೂ ಕಡೆ ಇದ್ರು ಕಣಮ್ಮ."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಯಿಗಳ ಸಮಾಧಿ ಇನ್ನೊಮ್ಮೆ ನೋಡೋಣ ಎಂದಳು. ಹೋದೆವು.