ಇಂದಿನ ಧಮ್ಮ ಚಿಂತನೆ: ‘ಬಾಲ’ ಯಾರು, ‘ಹುಚ್ಚ’ ಯಾರು?



ಕಳೆದ ಭಾನುವಾರ ವಿಜಯನಗರದಲ್ಲಿ ಧಮ್ಮಪದದ 5ನೇ ವರ್ಗ, ಬಾಲವಗ್ಗದ 16 ಗಾಥೆಗಳನ್ನು ಓದಿದೆವು. ‘ಬಾಲ’ ಅಂದಕೂಡಲೇ ಮಕ್ಕಳು ಬೆಕ್ಕಿನ ಬಾಲ ನೆನೆದು ನಕ್ಕವು. ನಗಲಿ. ಆದರೆ ಅರ್ಥ ಹೇಳುವಾಗ ನಾನು ‘ಬಾಲ ಅಂದ್ರೆ ಮೂರ್ಖ, ಹುಚ್ಚ’ ಎಂದುಬಿಟ್ಟೆ. ಕೆಂಗೇರಿಯಿಂದ ಬರುವ ಅಕ್ಕ ಸುಮ್ಮನೆ ಎದ್ದು ಹೋದರು. ಅವರ ಮಗ ಆರು ವರ್ಷದಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಬೀದಿಯವರು ಅವನನ್ನು ಕರೆಯುವುದೂ ಅದೇ ಮಾತಿನಿಂದ.

ನನ್ನದು ಪಾಳಿಯ ತಪ್ಪೂ ಹೌದು. ಬಾಲ ಅಂದರೆ ಮೊದಲ ಅರ್ಥ ಎಳೆಮಗು. ಬೆಳೆದ ಮೇಲೂ ತನ್ನ ಕೆಲಸದ ಫಲ ಏನೆಂದು ಯೋಚಿಸದವನು ಧಮ್ಮಪದದ ಬಾಲ. ಡಿಗ್ರಿ ಇದ್ದವನೂ ಬಾಲನಾಗಬಹುದು. ಚಿತ್ತ ಕೈತಪ್ಪಿದವನಿಗೆ ಪಾಳಿಯಲ್ಲಿ ಬೇರೆಯೇ ಪದವಿದೆ, ಉಮ್ಮತ್ತಕ. ವಿನಯಪಿಟಕ ಅವನನ್ನು ಬೈಯುವುದಿಲ್ಲ. ಅಂಥ ಸ್ಥಿತಿಯಲ್ಲಿ ನಿಯಮ ಮೀರಿದರೆ ಅದು ತಪ್ಪಲ್ಲ ಎಂದು ಮತ್ತೆ ಮತ್ತೆ ಹೇಳುತ್ತದೆ.

ವಿನಯದಲ್ಲಿ ಗಗ್ಗ ಎಂಬ ಭಿಕ್ಷುವಿನ ಪ್ರಸಂಗವಿದೆ. ಅವನಿಗೆ ಚಿತ್ತ ಸ್ವಾಧೀನದಲ್ಲಿರಲಿಲ್ಲ. ಉಪೋಸಥ ಒಮ್ಮೆ ನೆನಪಿರುತ್ತಿತ್ತು, ಒಮ್ಮೆ ಇಲ್ಲ. ಒಮ್ಮೆ ಬರುತ್ತಿದ್ದ, ಒಮ್ಮೆ ಇಲ್ಲ. ಭಗವಾನರು ಅವನನ್ನು ಹೊರಗೆ ಹಾಕಿಸಲಿಲ್ಲ. ಅವನು ಬಂದರೂ ಸರಿ, ಬಾರದಿದ್ದರೂ ಸರಿ ಎಂದು ಸಂಘ ಸೇರಿ ಒಪ್ಪಿಗೆ ಕೊಡಲಿ ಎಂದರು. ಮುಂದೆ ಅವನು ಗುಣವಾದ. ಆಗಲೂ ಕೆಲವು ಭಿಕ್ಷುಗಳು ಹಳೆಯದನ್ನು ಕೆದಕಿದರು. ‘ಆಗ ನನಗೆ ಸ್ಮೃತಿ ಇರಲಿಲ್ಲ’ ಎಂದು ಅವನು ಹೇಳಿದರೂ ಬಿಡಲಿಲ್ಲ. ಆಗ ಅವನಿಗೆ ಕೊಟ್ಟದ್ದು ಅಮೂಳ್ಹವಿನಯ. ನಮ್ಮ ‘ಮೂಢ’ ಪಾಳಿಯಲ್ಲಿ ಮೂಳ್ಹ. ಇವನು ಈಗ ಮೂಢನಲ್ಲ, ಅಂದಿನದನ್ನು ಹಿಡಿದು ಇನ್ನು ಕೇಳಬೇಡಿ ಎಂದು ಸಂಘವೇ ತೀರ್ಮಾನಿಸುವ ಕ್ರಮ ಅದು. ಕಾಯಿಲೆ ಹೋದ ಮೇಲೂ ಅಂಟಿಕೊಳ್ಳುವ ಹೆಸರಿಗೆ ಅಷ್ಟು ಹಿಂದೆಯೇ ಮದ್ದು ಯೋಚಿಸಿದ್ದರು ನೋಡಿ.

ನನ್ನ ಅಜ್ಜಿಯ ಹೆಸರು ಹುಚ್ಚಮ್ಮ. ಹಿಂದೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ, ಸಾವಿಗೂ ಈ ಕೂಸು ಬೇಡವಾಗಲಿ ಎಂದು ಹುಚ್ಚಪ್ಪ, ತಿಪ್ಪಯ್ಯ ಅಂತ ಇಡುತ್ತಿದ್ದರು. ಬೇರೆ ಜಾತಿಗಳಲ್ಲೂ ಇತ್ತು. ಅದರಲ್ಲಿ ಹೆತ್ತವರ ಪ್ರೀತಿಯಿತ್ತು, ಅಲ್ಲಗಳೆಯಲಾರೆ. ಆದರೆ ಶೂದ್ರನ ಹೆಸರು ಹೇಸಿಗೆ ಹುಟ್ಟಿಸುವಂತಿರಲಿ ಎಂದು ಮನುಸ್ಮೃತಿಯ 2ನೇ ಅಧ್ಯಾಯ ಹೇಳುತ್ತದೆ. 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಸುಡಿಸಿದ್ದು ಅದೇ ಪುಸ್ತಕವನ್ನು. ಇನ್ನೊಬ್ಬರು ಇಟ್ಟ ಹೆಸರು ಹೇಗೆ ಚುಚ್ಚುತ್ತದೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಆದರೂ ನನ್ನ ಬಾಯಲ್ಲಿ ಆ ಮಾತು ಎಷ್ಟು ಸಲೀಸಾಗಿ ಬಂತು!

ಹುಚ್ಚು ಮಳೆ, ಕ್ರಿಕೆಟ್ ಹುಚ್ಚು, ಹುಚ್ಚೆಳ್ಳು ಚಟ್ನಿ ಇವನ್ನೆಲ್ಲ ಬಿಡಿ ಎನ್ನುತ್ತಿಲ್ಲ. ಮನುಷ್ಯನ ಮೇಲೆ ಹೊರಿಸುವಾಗಿನ ಮಾತು ನಾನು ಆಡುತ್ತಿರುವುದು.

ಸೋಮವಾರ ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವನನ್ನೂ ಕರ್ಕೊಂಡು ಬರ್ಲಾ ಸರ್? ಮಧ್ಯದಲ್ಲಿ ಎದ್ದು ಹೋಗ್ತಾನೆ’ ಎಂದರು. ಬನ್ನಿ ಎಂದೆ.

ಈ ಭಾನುವಾರ ಸಂಜೆ 5ಕ್ಕೆ ಗಗ್ಗನ ಪ್ರಸಂಗವನ್ನೇ ಓದೋಣ. ಬಾಗಿಲ ಪಕ್ಕದ ಕುರ್ಚಿ ಖಾಲಿ ಬಿಡಿ.