ಎಷ್ಟು ಹೋದರೆ ಹೆಚ್ಚು?

ಕಳೆದ ವರ್ಷದವರೆಗೂ ತಿಂಗಳಲ್ಲಿ ನಾಲ್ಕು ದಿನ ನಾನು ಆಫೀಸಿಗೆ ಕಪ್ಪು ಪ್ಯಾಂಟನ್ನೇ ಹಾಕಿಕೊಂಡು ಹೋಗುತ್ತಿದ್ದೆ. ಗಂಟೆ, ಒಂದೂವರೆ ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಿತ್ತು. ಹಾಗಾಗಿ ಯಾವ ಮೀಟಿಂಗೂ ಒಂದು ಗಂಟೆ ದಾಟದಂತೆ ನೋಡಿಕೊಳ್ಳುತ್ತಿದ್ದೆ. ಟೀಮಿನವರು ಅದನ್ನು ನನ್ನ ಶಿಸ್ತು ಅಂದುಕೊಂಡಿದ್ದರು. ಹಾಸನದಿಂದ ಅಮ್ಮ ಫೋನಿನಲ್ಲಿ ಹೇಳುತ್ತಿದ್ದುದು ಒಂದೇ ಮಾತು: “ತಡ್ಕೋ ಕಣೇ, ನಮಗೂ ಹೀಗೇ ಇತ್ತು. ಇನ್ನೇನು ನಿಲ್ಲೋ ವಯಸ್ಸು ಬಂತಲ್ಲ.” ತಡೆದುಕೊಂಡೆ. ಒಂದು ದಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲಾಗಿ ಕುಸಿದು ಕೂತಾಗಲೇ ರಕ್ತ ಪರೀಕ್ಷೆ ಮಾಡಿಸಿದ್ದು. 12 ಇರಬೇಕಾದ ಹಿಮೋಗ್ಲೋಬಿನ್ 8.1 ಇತ್ತು.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, “ಹೆಚ್ಚು ಹೋಗುತ್ತಾ?” ನನಗೆ ಉತ್ತರ ಗೊತ್ತಿರಲಿಲ್ಲ. ಯಾರಿಗಿಂತ ಹೆಚ್ಚು? ಪ್ರತಿಯೊಬ್ಬಳಿಗೂ ಗೊತ್ತಿರುವುದು ತನ್ನದೊಂದೇ.

ಎಂಜಿನಿಯರ್ ಬುದ್ಧಿ ಅಂಕಿಯನ್ನು ಹುಡುಕಿತು. ಅಂಕಿಯೂ ಇದೆ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅತಿಸ್ರಾವ ಎನ್ನುತ್ತಿದ್ದವು ಪಠ್ಯಪುಸ್ತಕಗಳು. ಆದರೆ ಅಳೆಯುವವರು ಯಾರು? 2007ರಲ್ಲಿ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಆ ಅಂಕಿಯನ್ನು ಬದಿಗಿಟ್ಟು, ಹೆಂಗಸಿನ ದೇಹ, ಮನಸ್ಸು, ದಿನನಿತ್ಯದ ಬದುಕನ್ನು ಕೆಡಿಸುವಷ್ಟು ಹೋದರೆ ಅದೇ ಹೆಚ್ಚು ಎಂದಿತು. ಅಂದರೆ ಅವಳ ಮಾತೇ ಸಾಕ್ಷಿ.

ಇದನ್ನು ಓದಿ ಮೊದಲು ಸಮಾಧಾನವಾಯಿತು, ಆಮೇಲೆ ಅನುಮಾನ ಬಂತು. ತಡೆದುಕೊಳ್ಳುವುದನ್ನೇ ಗುಣವೆಂದು ಕಲಿತು ಬೆಳೆದವಳು ಎಂಥ ಸಾಕ್ಷಿ ಹೇಳಿಯಾಳು? “ಪರವಾಗಿಲ್ಲ” ಎನ್ನುತ್ತಾಳೆ. ನಾನೂ ಆರು ವರ್ಷ ಹಾಗೇ ಅಂದೆ. ಸಹನೆ ದೊಡ್ಡ ಗುಣವೇ. ಆದರೆ ಬೇರೆ ದಾರಿ ಇಲ್ಲದಾಗ ಅಥವಾ ಯಾವುದೋ ದೊಡ್ಡ ಕಾರಣಕ್ಕಾಗಿ ಸಹಿಸುವುದು ಒಂದು. ದಾರಿ ಇದೆಯೇ ಎಂದು ಕೇಳದೆಯೇ ಸಹಿಸುವುದು ಇನ್ನೊಂದು. ಎರಡನೆಯದನ್ನು ಗುಣವೆನ್ನಲು ನನಗೀಗ ಮನಸ್ಸಾಗುವುದಿಲ್ಲ.

ದಾರಿಗಳಂತೂ ಇದ್ದವು. ಸ್ಕ್ಯಾನಿನಲ್ಲಿ ಗರ್ಭಕೋಶದ ಗೋಡೆಯಲ್ಲಿ 2 ಸೆಂಟಿಮೀಟರಿನ ಗೆಡ್ಡೆಯೊಂದು ಕಂಡಿತ್ತು. ಮುಟ್ಟಿನ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ. ಗರ್ಭಕೋಶದೊಳಗೆ ಇಟ್ಟರೆ ವರ್ಷಗಟ್ಟಲೆ ಕೆಲಸ ಮಾಡುವ ಹಾರ್ಮೋನ್ ಕಾಯಿಲ್, ಆದರೆ ಮೊದಲ ಕೆಲವು ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಸ್ವಲ್ಪಸ್ವಲ್ಪ ರಕ್ತ ಕಾಣುತ್ತದೆ. ಕೊನೆಗೆ ಗರ್ಭಕೋಶವನ್ನೇ ತೆಗೆಸುವುದು. “ಮಕ್ಕಳಾಗಿದ್ದಾವಲ್ಲ, ಇನ್ಯಾಕೆ ಅದು? ತೆಗೆಸಿಬಿಡು” ಅಂದರು ಅತ್ತೆ. ಹೆತ್ತಾದ ಮೇಲೆ ಆ ಅಂಗ ನನ್ನದಲ್ಲವೇ?

ನಾನಿರುವುದು ಪುಣೆಯಲ್ಲಿ. ಇಲ್ಲಿಂದ ಬೀಡ್ ಜಿಲ್ಲೆ ಅಷ್ಟೇನೂ ದೂರವಿಲ್ಲ. ಕಬ್ಬು ಕಡಿಯಲು ಹೋಗುವ ಅಲ್ಲಿನ 13,000ಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆಯಲಾಗಿದೆ ಎಂದು 2019ರಲ್ಲಿ ಸರ್ಕಾರದ ಸಮಿತಿಯೇ ಕಂಡುಕೊಂಡಿತು. ಗಂಡ-ಹೆಂಡತಿ ಸೇರಿ ಒಂದು ಕುಡುಗೋಲೆಂದು ಲೆಕ್ಕ. ಮುಟ್ಟಿನ ನೋವಿಗೆ ಒಂದು ದಿನ ರಜೆ ಹಾಕಿದರೂ ಮುಕಾದಮನಿಗೆ ದಂಡ ಕಟ್ಟಬೇಕು. ಮಾತ್ರೆಯ, ಕಾಯಿಲ್‌ನ ವಿಷಯ ಅವರಲ್ಲಿ ಎಷ್ಟು ಜನರ ಕಿವಿಗೆ ಬಿದ್ದಿರಬಹುದು? ಆಪರೇಷನ್‌ಗೆ ಒಪ್ಪಿಗೆ ಎಂದು ಕಾಗದದ ಮೇಲೆ ಗುರುತಂತೂ ಬಿದ್ದಿರುತ್ತದೆ.

ಅದೇ ಕಾಗದ ನನ್ನ ಮುಂದೆಯೂ ಬರಬಹುದಿತ್ತು. ವ್ಯತ್ಯಾಸ ಓದಿನದಷ್ಟೇ ಅಲ್ಲ. ನಾನು “ಬೇಡ” ಅಂದರೆ ನನ್ನ ಸಂಬಳ ಹೋಗುವುದಿಲ್ಲ, ಇನ್ನೊಬ್ಬ ಡಾಕ್ಟರನ್ನು ಕೇಳಬಹುದು. ಬೇಡ ಎನ್ನಲು ಆಗದವಳ ಒಪ್ಪಿಗೆಯನ್ನು ಆಯ್ಕೆ ಎಂದು ಕರೆಯುವುದು ಸುಳ್ಳು. ನನ್ನ ಆಯ್ಕೆಯೂ ಪೂರ್ತಿ ಸ್ವತಂತ್ರವೇನಲ್ಲ: ನನ್ನ ವಿಮೆ ಆಸ್ಪತ್ರೆಗೆ ಸೇರಿ ಮಾಡಿಸುವ ಆಪರೇಷನ್‌ಗೆ ದುಡ್ಡು ಕೊಡುತ್ತದೆ, ಕಾಯಿಲ್‌ಗೆ ಕೊಡುವುದಿಲ್ಲ.

ನಾನು ಕಾಯಿಲ್ ಹಾಕಿಸಿಕೊಂಡೆ. ಎಂಟು ತಿಂಗಳಾಯಿತು, ಹಿಮೋಗ್ಲೋಬಿನ್ ಈಗ 11.4. ಎಲ್ಲ ತಿಳಿದು, ಯೋಚಿಸಿ ಗರ್ಭಕೋಶ ತೆಗೆಸಿಕೊಂಡ ಗೆಳತಿಯೂ ಇದ್ದಾಳೆ, ಸುಖವಾಗಿದ್ದಾಳೆ. ಅವಳ ನಿರ್ಧಾರ ಅವಳಿಗೆ ಸರಿ.

“ಹೆಚ್ಚು ಹೋಗುತ್ತಾ?”, “ತಡ್ಕೊಳ್ಳೋಕೆ ಆಗುತ್ತಾ?” ಎಂದು ನಾನೀಗ ಯಾರನ್ನೂ ಕೇಳುವುದಿಲ್ಲ. ಮೊನ್ನೆ ಅಮ್ಮನನ್ನು ಬೇರೆ ರೀತಿ ಕೇಳಿದೆ: “ಅಮ್ಮ, ಇದರಿಂದ ನೀನು ಏನೇನು ಬಿಟ್ಟೆ?” ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಮೂರು ವರ್ಷ ತವರಿನ ಜಾತ್ರೆಗೆ ಹೋಗ್ಲಿಲ್ಲ. ಬಸ್ಸಲ್ಲಿ ಕೂತು ಏಳೋಕೆ ಭಯ ಆಗೋದು” ಅಂದಳು. ಇಷ್ಟು ವರ್ಷದಲ್ಲಿ ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.